ಉಣ್ಣೂಮುಂದ

ಇಂಪನಾ ಮಾಡಿದ್ದು ಒಂದೇ ಒಂದು ತಪ್ಪು, ಅದೂ ಒಂದೇ ಒಂದು ಮಾತಿನದು. ಆ ಒಂದು ಮಾತಿನಿಂದ ಹನ್ನೊಂದು ಜನರ ಕೈಗೆ ತಪ್ಪು ಔಷಧ ಚೀಟಿ ಹೋಯಿತು. ಕಂಪ್ಯೂಟರ್ ಕೆಟ್ಟಿರಲಿಲ್ಲ, ಕರೆಂಟು ಹೋಗಿರಲಿಲ್ಲ, ಯಾರೂ ತೂಕಡಿಸುತ್ತ ಕೆಲಸ ಮಾಡಿರಲಿಲ್ಲ. ಅವಳಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಅದೇ ಫಜೀತಿಯಾದದ್ದು ನೋಡಿ. ಬಾರದೇ ಹೋಗಿದ್ದರೆ ಯಾರನ್ನಾದರೂ ಕೇಳುತ್ತಿದ್ದಳು.

ಪುಣೆಯ ಶಿವಾಜಿನಗರದ ಕೋರ್ಟಿನ ಹಿಂದೆ ಒಂದು ಗಲ್ಲಿ ಇದೆ. ಕೆಳಗೆ ವಕೀಲರು, ಝೆರಾಕ್ಸ್ ಅಂಗಡಿಗಳು, ಅಫಿಡವಿಟ್ಟು ಟೈಪು ಮಾಡುವವರ ಗಲಾಟೆ. ಮೂರನೇ ಮಹಡಿಯಲ್ಲಿ ಸುಲಭಾ ಎನ್ನುವ ಮರಾಠಿ ಹೆಂಗಸು ನಡೆಸುವ ಸಣ್ಣ ಸಾಫ್ಟ್‌ವೇರ್ ಕಂಪನಿ. ಹೆಸರಿಗಷ್ಟೇ ಸುಲಭಾ, ಸ್ವಭಾವದಲ್ಲಿ ಬಹಳ ಬಿಗಿ. ಊರ ತುಂಬ ಐವತ್ತು ದವಾಖಾನೆಗಳಿಗೆ ಇವರದೇ ಪ್ರೋಗ್ರಾಮು. ಡಾಕ್ಟರು ಔಷಧದ ಹೆಸರು ಒತ್ತಿ, ಅದನ್ನು ಯಾವಾಗ ನುಂಗಬೇಕು ಅನ್ನುವುದಕ್ಕೆ ಒಂದು ಅಂಕಿ ಒತ್ತಿದರೆ ಸಾಕು, ಪ್ರಿಂಟರಿನಿಂದ ಮರಾಠಿಯಲ್ಲಿ ಚೀಟಿ ಹೊರಗೆ ಬರುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ಮೊದಲು, ಊಟದ ನಂತರ, ಹೀಗೆ.

ಆ ಪ್ರೋಗ್ರಾಮನ್ನು ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬರೇ ಕೂತು ಬರೆದವರು ಜಮಖಂಡಿ ಕಡೆಯ ಸಿದ್ದಾರೂಢ. ಪ್ರೋಗ್ರಾಮಿನೊಳಗಿನ ಪ್ರತಿಯೊಂದು ಕೆಲಸಕ್ಕೂ ಒಂದು ಹೆಸರು ಇಡಬೇಕಾಗುತ್ತದೆ. ಜಗತ್ತೆಲ್ಲ ಇಂಗ್ಲಿಷಿನಲ್ಲಿ ಇಡುತ್ತದೆ. ಈ ಮಹಾಶಯರು ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮ ಮನೆಮಾತನ್ನೇ ಇಟ್ಟುಬಿಟ್ಟಿದ್ದರು. ಹುಡುಕುವ ಕೆಲಸಕ್ಕೆ ‘ಹುಡಕು’, ಅಳಿಸುವುದಕ್ಕೆ ‘ವರಸು’, ಪ್ರಿಂಟರು ಸಿದ್ಧವಾಗುವ ತನಕ ಕಾಯುವುದಕ್ಕೆ ‘ತಡಿಸ್ವಲ್ಪ’. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರೆ, “ವಿಚಾರ ಕನ್ನಡದಾಗ ಬರತಿತ್ತರೀ, ಅದನ್ನ ಮತ್ತ ಇಂಗ್ಲಿಷಿಗೆ ತಿರುವೂದ್ರಾಗ ಚಾ ಆರಿ ಹೋಗತಿತ್ತು” ಎಂದು ನಕ್ಕುಬಿಡುತ್ತಿದ್ದರು. ಬಂದು ಹೋದ ಮರಾಠಿ ಹುಡುಗರೆಲ್ಲ ಆ ಕೋಡು ತೆರೆದು ನೋಡಿ, ಕೈ ಮುಗಿದು, ಬೇರೆ ಕೆಲಸ ಹುಡುಕಿಕೊಂಡಿದ್ದರು. ಸಿದ್ದಾರೂಢರಿಗೆ ಈಗ ಐವತ್ತಾರು, ಬಿಪಿ ಬಂದಿದೆ, ಕೋಡು ಬರೆಯುವುದನ್ನು ಬಿಟ್ಟು ದವಾಖಾನೆಯಿಂದ ದವಾಖಾನೆಗೆ ಸ್ಕೂಟರಿನಲ್ಲಿ ಓಡಾಡಿ ಕೆಟ್ಟ ಪ್ರಿಂಟರುಗಳನ್ನು ರಿಪೇರಿ ಮಾಡುತ್ತಿದ್ದರು.

ಹೀಗಿರುವಾಗ ಚನ್ನರಾಯಪಟ್ಟಣದ ಇಂಪನಾ ಇಂಟರ್‌ವ್ಯೂಗೆ ಬಂದಳು. ಎಂಟೆಕ್ ಮಾಡಿದ್ದು ರಿಫ್ಯಾಕ್ಟರಿಂಗ್ ಎಂಬ ವಿಷಯದ ಮೇಲೆ. ಅಂದರೆ, ಬರೆದಿಟ್ಟ ಪ್ರೋಗ್ರಾಮನ್ನು ಅದರ ಕೆಲಸ ಕೆಡದ ಹಾಗೆ ಒಳಗೊಳಗೇ ಒಪ್ಪ ಮಾಡುವ ವಿದ್ಯೆ. ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಮೇಲೆ ಹೆಸರು ಬರೆದು ಮತ್ತೆ ಜೋಡಿಸಿದ ಹಾಗೆ ಅನ್ನಿ. ಡಬ್ಬಿ ಎಲ್ಲಿಗಾದರೂ ಹೋಗಲಿ, ಸಾರಿನ ರುಚಿ ಮಾತ್ರ ಬದಲಾಗಕೂಡದು. ಅದಕ್ಕಾಗಿ ಅವಳು ಒಂದು ಸಾಧನವನ್ನೂ ಕಟ್ಟಿದ್ದಳು. ಒಂದೇ ಕೆಲಸವನ್ನು ಎರಡು ಕಡೆ ಬರೆದಿದ್ದರೆ ಅದು ಹುಡುಕಿ ತೋರಿಸುತ್ತಿತ್ತು, ಎರಡನ್ನೂ ಸೇರಿಸಿ ಒಂದು ಮಾಡಬಹುದಿತ್ತು. ಸುಲಭಾ ಇದನ್ನೆಲ್ಲ ಅರ್ಧಂಬರ್ಧ ಕೇಳಿಸಿಕೊಂಡು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ, “ಕನ್ನಡ ಓದಲು ಬರುತ್ತದೆಯೇ?” ಬರುತ್ತದೆ ಅಂದದ್ದೇ ತಡ, ಕೆಲಸ ಸಿಕ್ಕಿತು.

ಮೂರು ತಿಂಗಳು ಅವಳು ದುಡಿದ ರೀತಿಗೆ ಹೆಸರಿಡುವ ಹಾಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಾವಿರದ ನಾನೂರು ಹೆಸರುಗಳನ್ನು ಒಂದೊಂದಾಗಿ ಇಂಗ್ಲಿಷಿಗೆ ತಂದಳು. ಮರಾಠಿ ಹುಡುಗರು ಅವಳ ಕುರ್ಚಿಯ ಹಿಂದೆ ನಿಂತು, ಯಾರೋ ತಾಮ್ರಪಟ ಓದುತ್ತಿದ್ದಾರೆ ಅನ್ನುವಷ್ಟು ಗೌರವದಿಂದ ನೋಡುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಮೊದಮೊದಲು ತಿಳಿಯದ್ದನ್ನು ಸಿದ್ದಾರೂಢರನ್ನು ಕೇಳುತ್ತಿದ್ದಳು. ಒಂದು ದಿನ, “ಸರ್, ತಡಿ ಅಂದ್ರೆ ಬ್ಲಾಕ್ ಮಾಡೋದಾ?” ಅಂದಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ತಡಿ ಅಂದ್ರ ನಿಂದರು ಅಂತರೀ, ಸ್ವಲ್ಪ ತಾಳು ಅಂತ!” ಎಂದು ಹೇಳಿ, ಅಷ್ಟಕ್ಕೇ ಬಿಡದೆ ಇಡೀ ಆಫೀಸಿಗೆ ಅದನ್ನು ಮರಾಠಿಯಲ್ಲಿ ವಿವರಿಸಿದರು. ಎಲ್ಲರೂ ನಕ್ಕರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಮನುಷ್ಯ ನಗುವುದೇ ಹಾಗೆ. ಆದರೆ ಇಂಪನಾಳ ಮುಖ ಕೆಂಪಗಾಯಿತು, ಅಂದಿನಿಂದ ಅವಳು ಕೇಳುವುದನ್ನು ಕಡಿಮೆ ಮಾಡಿದಳು.

ಆಮೇಲೆ ಬಂತು ನಾಲ್ಕನೇ ಅಂಕಿಯ ಸರದಿ. ಔಷಧದ ವೇಳೆ ಹೇಳುವ ಅಂಕಿಗಳಲ್ಲಿ ಮೂರಕ್ಕೆ ಸಿದ್ದಾರೂಢರು ‘ಉಣ್ಣೂಕಿಂತಮೊದಲ’ ಎಂದು ಹೆಸರಿಟ್ಟಿದ್ದರು, ನಾಲ್ಕಕ್ಕೆ ‘ಉಣ್ಣೂಮುಂದ’ ಎಂದು. ಇಂಪನಾಳ ಸಾಧನ ಎರಡರ ಕೋಡನ್ನೂ ಪಕ್ಕಪಕ್ಕ ಇಟ್ಟು, ಇವು ಹೆಚ್ಚುಕಡಿಮೆ ಒಂದೇ ಎಂದು ತೋರಿಸಿತು. ಅವಳು ಹೆಸರುಗಳನ್ನು ಓದಿದಳು. ಉಣ್ಣುವುದಕ್ಕಿಂತ ಮೊದಲು. ಉಣ್ಣುವ ಮುಂದೆ, ಅಂದರೆ ಉಣ್ಣುವ ಮುಂಚೆ. ಎರಡೂ ಒಂದೇ ತಾನೆ? ಮುದುಕಪ್ಪ ಒಂದೇ ಕೆಲಸಕ್ಕೆ ಎರಡು ಸಲ ಬೆವರು ಸುರಿಸಿದ್ದಾರೆ ಎಂದು ಮನಸ್ಸಿನಲ್ಲೇ ನಕ್ಕು ಎರಡನ್ನೂ ಸೇರಿಸಿ ಒಂದು ಮಾಡಿದಳು, ‘ಊಟಕ್ಕೆ ಮುಂಚೆ’ ಎನ್ನುವ ಅರ್ಥ ಬರುವ ಇಂಗ್ಲಿಷ್ ಹೆಸರು ಕೊಟ್ಟಳು.

ಚೀಟಿಯ ಮೇಲೆ ಬೀಳುವ ಮರಾಠಿ ಮಾತುಗಳನ್ನು ನೋಡಿದ್ದರೆ ತಿಳಿಯುತ್ತಿರಲಿಲ್ಲವೇ ಅಂತೀರಿ. ಆ ಮಾತುಗಳು ಇದ್ದದ್ದು ಬೇರೆ ಕಡತದಲ್ಲಿ, ಹಳೇ ಕಾಲದ ಫಾಂಟಿನಲ್ಲಿ. ತೆರೆಯ ಮೇಲೆ ಅವು ಇಂಗ್ಲಿಷ್ ಅಕ್ಷರ, ಕಂಸ, ಚುಕ್ಕೆಗಳ ರಾಶಿಯಾಗಿ ಕಾಣುತ್ತಿದ್ದವು, ಕಾಗದಕ್ಕೆ ಬಿದ್ದಾಗಲೇ ಮರಾಠಿಯಾಗುತ್ತಿದ್ದವು. ಅವಳಿಗೆ ಮರಾಠಿಯೂ ಅಷ್ಟಕ್ಕಷ್ಟೆ.

ಹಾಗೆಂದು ಅವಳು ಪರೀಕ್ಷೆ ಮಾಡದೆ ಬಿಟ್ಟವಳಲ್ಲ. ಕೈ ಹಾಕುವ ಮೊದಲೇ ಹಳೆಯ ಪ್ರೋಗ್ರಾಮಿನಿಂದ ಇನ್ನೂರು ಚೀಟಿಗಳನ್ನು ತೆಗೆದಿಟ್ಟಿದ್ದಳು. ಒಪ್ಪ ಮಾಡಿದ ಮೇಲೆ ಹೊಸದರಿಂದಲೂ ಅವೇ ಇನ್ನೂರು ತೆಗೆದು ತಾಳೆ ನೋಡಿದಳು. ನೂರ ತೊಂಬತ್ತೇಳು ಕೂಡಿಬಂದವು. ಮೂರು ಕೂಡಲಿಲ್ಲ. ಮೂರರಲ್ಲೂ ನಾಲ್ಕನೇ ಅಂಕಿ ಇತ್ತು. ಅಯ್ಯೋ ಮಾರಾಯ್ತಿ, ಅಲ್ಲಿ ನಿಲ್ಲಬೇಕಿತ್ತು! ಫೋನು ಕೈಗೆತ್ತಿಕೊಂಡದ್ದೂ ಆಯಿತು. ಸಿದ್ದಾರೂಢರು ಆವತ್ತು ಸ್ವಾರಗೇಟಿನ ಒಂದು ದವಾಖಾನೆಯಲ್ಲಿ ಪ್ರಿಂಟರು ಬಿಚ್ಚಿಕೊಂಡು ಕೂತಿದ್ದರು. ಕೇಳಿದರೆ ಮತ್ತೆ ನಗುತ್ತಾರೆ, ನಾಳೆ ಆಫೀಸಿಗೆಲ್ಲ ಸುದ್ದಿ. ಫೋನು ಕೆಳಗಿಟ್ಟಳು. ಒಂದೇ ಅರ್ಥದ ಎರಡು ಹೆಸರು ಎರಡು ಬಗೆಯ ಚೀಟಿ ಕೊಡುತ್ತಿದ್ದರೆ ಅದರಲ್ಲಿ ಒಂದು ತಪ್ಪಿರಲೇಬೇಕು, ಆ ತಪ್ಪು ಹಳೆಯದರದು ಎಂದು ತೀರ್ಮಾನ ಮಾಡಿದಳು. ‘ಹಳೆಯ ದೋಷವೊಂದನ್ನು ಸರಿಪಡಿಸಲಾಗಿದೆ’ ಎಂದು ಟಿಪ್ಪಣಿ ಬರೆದಳು. ಬುಧವಾರ ಸಂಜೆ, ಉಳಿದ ದವಾಖಾನೆಗಳಿಗಿಂತ ಮುಂಚೆ ಒಂದು ಕಡೆ ಓಡಿಸಿ ನೋಡೋಣ ಎಂದು, ಕೊಂಢವಾದ ಧರ್ಮಾರ್ಥ ದವಾಖಾನೆಯೊಂದರಲ್ಲಿ ಹೊಸದನ್ನು ಹಾಕಿದರು.

ಶನಿವಾರ ಮಧ್ಯಾಹ್ನ ಸಿದ್ದಾರೂಢರ ಮನೆಯಲ್ಲಿ ಅವಳಿಗೆ ಊಟ. ಅವರ ಮನೆಯೂ ಕೊಂಢವಾದಲ್ಲೇ. “ನನ್ನ ಕೋಡಿಗೆ ಜಳಕಾ ಮಾಡಿಸೀರಿ, ಒಂದು ಹೋಳಿಗಿನಾದರೂ ತಿನ್ನಬ್ಯಾಡೇನ್ರಿ?” ಎಂದು ಅವರೇ ಕರೆದಿದ್ದರು. ಅವರ ಹೆಂಡತಿ ಮಾಧುರಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಕೆನೆಮೊಸರು, ಶೇಂಗಾ ಹೋಳಿಗೆ ಎಲ್ಲ ಮಾಡಿ, ಪಕ್ಕದಲ್ಲೇ ನಿಂತು ಬಡಿಸುತ್ತಿದ್ದರು. ಇಂಪನಾ ಒಂದು ರೊಟ್ಟಿ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದಳು. ಅಷ್ಟರಲ್ಲಿ ಫೋನು ಟಿಂಗ್ ಎಂದಿತು. ಅವಳಿಗೆ ಎಂಟೆಕ್ಕಿನಲ್ಲಿ ಮಾರ್ಗದರ್ಶಕರಾಗಿದ್ದ ಪ್ರೊಫೆಸರ್ ರಘುರಾಮ ಬರೆದಿದ್ದರು. ಈ ಮೂರು ತಿಂಗಳ ಕೆಲಸದ ಮೇಲೆ ಅವಳು ಬರೆಯುತ್ತಿದ್ದ ಸಂಶೋಧನಾ ಪ್ರಬಂಧ ಚೆನ್ನಾಗಿದೆ, ಮುಂದಿನ ವಾರ ಕಳಿಸೋಣ ಅಂತ. ಅವಳು ಎಡಗೈಯಲ್ಲಿ ಉತ್ತರ ಒತ್ತತೊಡಗಿದಳು.

“ಇಂಪನಾ, ಉಣ್ಣೂಮುಂದ ಫೋನ್ ನೋಡಬಾರದವ್ವಾ” ಎಂದರು ಮಾಧುರಿ.

ಇಂಪನಾ ನಕ್ಕಳು. “ಆಂಟಿ, ಆಲ್ರೆಡಿ ಊಟ ಸ್ಟಾರ್ಟ್ ಮಾಡಿದೀನಲ್ಲ.”

“ಹೌದು, ಅದಕ್ಕ ಹೇಳಿದೆ. ಉಣ್ಣೂಮುಂದ ನೋಡಬಾರದು. ಉಂಡ ಮ್ಯಾಲ ಬೇಕಾದಷ್ಟು ನೋಡು.”

“ಊಟಕ್ಕೆ ಮುಂಚೆ ನೋಡಬಾರದು, ಸರಿ. ಆದ್ರೆ ಈಗ...”

ಮಾಧುರಿ ಗಂಡನ ಮುಖ ನೋಡಿದರು. ಸಿದ್ದಾರೂಢರು ಬಾಯಲ್ಲಿದ್ದ ತುತ್ತು ನುಂಗಿ, “ಉಣ್ಣೂಮುಂದ ಅಂದ್ರ ಮುಂಚೆ ಅಲ್ಲರೀ. ನಿಮ್ಮ ಕಡೆ ಉಣ್ಣುವಾಗ ಅಂತಾರ ನೋಡ್ರಿ, ಅದು. ಬರೂಮುಂದ ಅಂದ್ರ ಬರುವಾಗ, ಹೋಗೂಮುಂದ ಅಂದ್ರ ಹೋಗುವಾಗ. ಹೋಳಿಗಿಗೆ ತುಪ್ಪ ಹಾಕ, ಮಾಧುರಿ” ಎಂದರು.

ಇಂಪನಾ ಫೋನು ಕೆಳಗಿಟ್ಟಳು. ಕೈಯಲ್ಲಿದ್ದ ರೊಟ್ಟಿ ಚೂರನ್ನು ತಟ್ಟೆಗೆ ಹಾಕಿದಳು. ನಾಲ್ಕನೇ ಅಂಕಿ ಎಂದರೆ ಉಣ್ಣುತ್ತ ನುಂಗಬೇಕಾದ ಔಷಧ. ಮೊದಲ ತುತ್ತಿನ ಜೊತೆಗೆ ನುಂಗಬೇಕಾದದ್ದು. ಅವಳ ಹೊಸ ಪ್ರೋಗ್ರಾಮು ಅದನ್ನೇ ‘ಊಟಕ್ಕೆ ಅರ್ಧ ತಾಸು ಮೊದಲು’ ಎಂದು ಛಾಪಿಸುತ್ತಿದೆ, ಮೂರು ದಿನದಿಂದ, ಇಲ್ಲಿಂದ ಎರಡೇ ಗಲ್ಲಿ ಆಚೆ.

“ಸರ್, ನಾಲ್ಕನೇ ಅಂಕಿ ಯಾವ್ಯಾವ ಔಷಧಕ್ಕೆ ಒತ್ತುತ್ತಾರೆ?”

“ಭಾಳ ಅದಾವ್ರಿ. ಶುಗರ್ ಗುಳಗಿ ಕೆಲವೊಂದು. ಬರೇ ಹೊಟ್ಟಿಲೆ ತಗೊಂಡು ಊಟ ತಡ ಆದ್ರ ಶುಗರ್ ಸರ್ರನ ಇಳಿದುಬಿಡತದ. ಯಾಕ್ರಿ?”

ಅವಳು ಹೇಳಿದಳು. ಹೇಳುವಾಗ ಅವಳ ದನಿ ತಗ್ಗುತ್ತ ತಗ್ಗುತ್ತ ಹೋಯಿತು, ಮಾಧುರಿ ಬಾಗಿ ಕೇಳಬೇಕಾಯಿತು. ಸಿದ್ದಾರೂಢರು ನಗಲಿಲ್ಲ. ಉಂಡ ತಟ್ಟೆಯಲ್ಲೇ ಕೈ ತೊಳೆದು, ಮೊಳೆಗೆ ನೇತುಹಾಕಿದ್ದ ಸ್ಕೂಟರಿನ ಚಾವಿ ತೆಗೆದುಕೊಂಡರು.

ಮೆಟ್ಟಿಲಿಳಿಯುತ್ತಲೇ ಅವಳು ಸುಲಭಾಗೆ ಫೋನು ಹಚ್ಚಿದಳು. “ಕಾಯ್ ಝಾಲಂ?” ಎಂದ ಸುಲಭಾ, ಏನಾಯಿತೆಂದು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ ಶುರು ಮಾಡಿದರು. ಮೊದಲು ಹಳೆಯದನ್ನು ವಾಪಸು ಹಾಕು. ದವಾಖಾನೆಗೆ ನಾವು ಲಿಖಿತವಾಗಿ ಕಾರಣ ಕೊಡಬೇಕಾಗುತ್ತದೆ. ಹಳೆಯ ಕೋಡಿನ ಹೆಸರುಗಳು ಗೊಂದಲದವು, ಅದರಿಂದ ಹೀಗಾಯಿತು ಎಂದು ಬರೆ. ಅದು ಸುಳ್ಳೂ ಅಲ್ಲ. ನಿನ್ನ ಹೆಸರಿಗೂ ಧಕ್ಕೆಯಿಲ್ಲ.

ಫೋನಿನ ದನಿ ಜೋರಾಗಿತ್ತು, ಸ್ಕೂಟರಿನ ಪಕ್ಕ ನಿಂತ ಸಿದ್ದಾರೂಢರಿಗೂ ಕೇಳಿಸಿತು. ಅವರು ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತ ರಸ್ತೆಯ ಕಡೆ ನೋಡಿದರು. ಇಂಪನಾಳಿಗೆ ಒಂದು ಗಳಿಗೆ ಹಾಗೇ ಬರೆದುಬಿಡುವ ಆಸೆಯಾಯಿತು, ಆಗಲಿಲ್ಲ ಎಂದು ನಾನು ಹೇಳುವುದಿಲ್ಲ. ಪ್ರಬಂಧ ಮುಂದಿನ ವಾರ ಹೋಗಬೇಕು. ಅದರ ಮೊದಲ ಪುಟದಲ್ಲೇ ‘ಹೊರಗಿನ ವರ್ತನೆ ಎಳ್ಳಷ್ಟೂ ಬದಲಾಗಿಲ್ಲ’ ಎಂದು ಬರೆದಿದ್ದಾಳೆ.

“ಹೆಸರು ಸರಿಯಾಗೇ ಇತ್ತು ಮೇಡಂ” ಎಂದಳು. “ನಾನು ಓದಿದ್ದು ತಪ್ಪು. ಟೆಸ್ಟ್ ಕೂಡ ಹೇಳಿತ್ತು, ನಾನು ಕೇಳಲಿಲ್ಲ.” ಸುಲಭಾ ಸೋಮವಾರ ಮಾತಾಡೋಣ ಎಂದು ಫೋನಿಟ್ಟರು.

ದವಾಖಾನೆ ಇನ್ನೂ ತೆರೆದಿತ್ತು. ಸಿದ್ದಾರೂಢರು ಹದಿನೈದು ನಿಮಿಷದಲ್ಲಿ ಹಳೆಯ ಪ್ರೋಗ್ರಾಮನ್ನು ತಿರುಗಿ ಕೂರಿಸಿದರು. ಇಂಪನಾ ಗುರುವಾರದಿಂದ ಛಾಪಿಸಿದ ಚೀಟಿಗಳನ್ನೆಲ್ಲ ಜಾಲಾಡಿ, ನಾಲ್ಕನೇ ಅಂಕಿ ಬಿದ್ದವುಗಳನ್ನು ಬೇರೆ ಮಾಡಿದಳು. ಹನ್ನೊಂದು. ಡಾಕ್ಟರಮ್ಮ ಪಟ್ಟಿ ನೋಡಿ, ಇವಳನ್ನೂ ನೋಡಿ, ಬೈಯುವುದಕ್ಕೂ ಪುರಸೊತ್ತಿಲ್ಲದೆ ಫೋನು ಕೈಗೆತ್ತಿಕೊಂಡರು. ಎಂಟು ಜನರದು ಹೊಟ್ಟೆ ಉರಿಯಬಹುದಾದ ನೋವಿನ ಗುಳಿಗೆಗಳು, ಅಂಥ ಅಪಾಯವಿಲ್ಲ. ಮೂವರದು ಸಕ್ಕರೆ ಕಾಯಿಲೆಯವು. ಒಬ್ಬೊಬ್ಬರಿಗೂ ಫೋನು ಹೋಯಿತು. ಒಬ್ಬರು ಚೀಟಿ ಓದಿಯೇ ಇರಲಿಲ್ಲ. ಒಬ್ಬರು ಗುಳಿಗೆಯನ್ನೇ ತಂದಿರಲಿಲ್ಲ. ಪ್ರತಿ ಸಲ ಆ ಕಡೆಯಿಂದ ‘ಹಲೋ’ ಕೇಳಿದಾಗ ಇಂಪನಾಳಿಗೆ ಹೋದ ಜೀವ ಬಂದ ಹಾಗಾಗುತ್ತಿತ್ತು. ಹತ್ತು ಜನ ಸಿಕ್ಕರು. ಹನ್ನೊಂದನೆಯವರು ಸಿಗಲಿಲ್ಲ.

ರುದ್ರವ್ವ, ವಯಸ್ಸು ಅರವತ್ತೆರಡು, ಶುಗರ್ ಗುಳಿಗೆ ದಿನಕ್ಕೆರಡು ಸಲ. ಗುರುವಾರ ಬೆಳಿಗ್ಗೆ ಚೀಟಿ ಒಯ್ದವರು. ಫೋನು ಬಂದ್ ಇತ್ತು. ಐದು ಸಲ ಹಚ್ಚಿದರೂ ಬಂದ್.

“ವಿಜಾಪುರ ಕಡೀ ಮುದುಕಿ” ಎಂದರು ಸಿದ್ದಾರೂಢರು. “ನನಗ ಗೊತ್ತದಾಳ. ಹೊಸಾ ಬಿಲ್ಡಿಂಗ್ ಏಳಾಕತ್ತದಲ್ಲ, ಅದರ ಹಿಂದ ಪತ್ರಾ ಶೆಡ್ಡಿನಾಗ ಇರತಾಳ. ಅಲ್ಲಿ ಕೂಲಿ ಮಂದಿಗೆಲ್ಲ ರೊಟ್ಟಿ ಬಡದು ಕೊಡತಾಳ. ಹಾಕ್ರಿ ಆಕಿ ಹೆಸರಲೆ ಹೊಸಾ ಚೀಟಿ, ಹೋಗೂಣು.”

ಸ್ಕೂಟರಿನ ಹಿಂದೆ ಕೂತು ಹೋಗುವಾಗ ಇಂಪನಾಳ ಕಣ್ಣ ಮುಂದೆ ಬರಬಾರದ್ದೆಲ್ಲ ಬಂದುಹೋಯಿತು. ಇಷ್ಟು ವರ್ಷ ಅವಳಿಗೆ ತಪ್ಪು ಎಂದರೆ ತೆರೆಯ ಮೇಲೆ ಕೆಂಪಗೆ ಹೊಳೆಯುವ ಒಂದು ಸಾಲು. ತಿದ್ದಿದರೆ ಹಸಿರಾಗುತ್ತಿತ್ತು. ಇದನ್ನು ಎಲ್ಲಿಂದ ತಿದ್ದುವುದು? ಉದ್ದಕ್ಕೂ ಸಿಮೆಂಟಿನ ಲಾರಿಗಳು, ಕಂಬಿ ಕತ್ತರಿಸುವ ಸದ್ದು, ಧೂಳು. ದೇವರೇ, ಅಜ್ಜಿ ಚೆನ್ನಾಗಿರಲಿ ಎಂದು ದಾರಿಯುದ್ದಕ್ಕೂ ಹೇಳಿಕೊಂಡಳು.

ಅಜ್ಜಿ ಬದುಕಿದ್ದಳು. ತಗಡಿನ ಶೆಡ್ಡಿನ ಬಾಗಿಲಲ್ಲೇ ಗೋಣಿಚೀಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎಡಗೈಗೆ ಮೊಳಕೈಯಿಂದ ಮಣಿಕಟ್ಟಿನ ತನಕ ಬಿಳಿ ಪಟ್ಟಿ ಸುತ್ತಿತ್ತು. ಒಳಗಿನಿಂದ ಯಾರೋ ರೊಟ್ಟಿ ಬಡಿಯುವ ಸದ್ದು ಪಟಪಟ ಬರುತ್ತಿತ್ತು.

“ಏನ್ ಯವ್ವಾ, ಕೈಗೆ ಏನಾತು?” ಸಿದ್ದಾರೂಢರು ಕುಕ್ಕರುಗಾಲಲ್ಲಿ ಕೂತು ಕೇಳಿದರು.

“ಪ್ರಿಂಟರ್ ಸಾಹೇಬ್ರ ಅಲ್ಲೇನು? ಬರ್ರಿ. ಏನ್ ಹೇಳಲಿ? ನಿನ್ನಿ ಮಧ್ಯಾಹ್ನ ಗುಳಗಿ ನುಂಗಿ ಒಲಿ ಮುಂದ ಕುಂತೆ. ಅರ್ಧ ತಾಸು ಬಿಟ್ಟು ಉಣ್ಣಬೇಕಲ್ಲ. ಅಷ್ಟರಾಗ ಸೆಂಟ್ರಿಂಗ್ ಹುಡುಗೋರು ನಲವತ್ತ ರೊಟ್ಟಿ ಬೇಕಂದ್ರು. ಬಡೀತಾ ಬಡೀತಾ ಹೊತ್ತ ಹೋಗಿದ್ದ ತಿಳೀಲಿಲ್ಲ. ಕಣ್ಣಿಗೆ ಕತ್ತಲಿ ಬಂತು. ಕೈ ಹಂಚಿನ ಮ್ಯಾಲ ಬಿತ್ತು.” ಅವಳು ಇದನ್ನೆಲ್ಲ ಬೇರೆ ಯಾರದೋ ಕಥೆಯೆಂಬಂತೆ ಹೇಳಿದಳು. “ಬಾಯಾಗ ಬೆಲ್ಲ ಹಾಕಿದ್ರು, ಎದ್ದೆ. ಫೋನ್ ಹಿಟ್ಟಿನ ನೀರಾಗ ಬಿದ್ದು ಸತ್ತ ಹೋತು. ಈ ತಂಗಿ ಯಾರು?”

ಇಂಪನಾ ಅಜ್ಜಿಯ ಪಟ್ಟಿ ಸುತ್ತಿದ ಕೈಯನ್ನೇ ನೋಡುತ್ತಿದ್ದಳು. ಸಿದ್ದಾರೂಢರು ಹೊಸ ಚೀಟಿಯನ್ನು ಮುಂದೆ ಹಿಡಿದು, ಗುಳಿಗೆ ಮೊದಲಿನ ಹಾಗೆ ಉಣ್ಣೂಮುಂದ ತೆಗೆದುಕೊಳ್ಳಬೇಕು, ಗುರುವಾರ ಕೊಟ್ಟ ಚೀಟಿಯನ್ನು ತಿರುಗಿ ಕೊಡಬೇಕು ಎಂದರು. ರುದ್ರವ್ವ ಹೊಸದನ್ನು ಇಸಿದುಕೊಂಡಳು. ಹಳೆಯದು ಸೊಂಟದ ಚೀಲದಲ್ಲಿತ್ತು. ಅದನ್ನು ತೆಗೆಯಲಿಲ್ಲ.

“ಅದ್ಯಾಕ ಕೊಡಬೇಕರಿ? ಅದೂ ಅದ ಮಶೀನಿನಾಗಿಂದ ಬಂದದ್ದು. ಅದು ಅರ್ಧ ತಾಸು ಮೊದಲ ಅಂತದ, ಇದು ಉಣ್ಣೂಮುಂದ ಅಂತದ. ಯಾವ್ದು ಖರೇ? ನಾಳಿ ಮತ್ತೊಂದ್ ತರತೀರಿ. ಎರಡೂ ಇರಲಿ ನನ್ನ ಹಂತ್ಯಾಕ.”

“ಮಶೀನ್ ತಪ್ಪ ಮಾಡಿತ್ತ ಯವ್ವಾ.”

“ಮಶೀನ್ ಎಲ್ಲೆರ ತಪ್ಪ ಮಾಡತದೇನ್ರಿ? ಸುಮ್ಮನ ನನಗ ಸಮಾಧಾನ ಹೇಳಬ್ಯಾಡ್ರಿ. ತಪ್ಪ ಮಾಡಾಕಿ ನಾನ.”

ಸಿದ್ದಾರೂಢರು ಇನ್ನೇನೋ ಹೇಳಲು ಹೊರಟರು. ಇಂಪನಾ ಅವರ ಭುಜ ಮುಟ್ಟಿ ತಡೆದು, ತಾನೂ ಅಜ್ಜಿಯ ಎದುರಿಗೆ ನೆಲದ ಮೇಲೆ ಕೂತಳು.

“ಅಜ್ಜಿ, ಮಶೀನ್ ಅಲ್ಲ. ಮಶೀನಿಗೆ ಹಾಗೆ ಹೇಳಿಕೊಟ್ಟಿದ್ದು ನಾನು. ಸರ್ ಬರೆದಿದ್ದು ಸರಿ ಇತ್ತು, ಉಣ್ಣೂಮುಂದ ಅಂತಾನೇ ಇತ್ತು. ನಾನು ಹಾಸನದ ಕಡೆಯವಳು. ನನಗೆ ಆ ಮಾತು ಅರ್ಥ ಆಗಲಿಲ್ಲ, ಅರ್ಥ ಆಗಿದೆ ಅಂದ್ಕೊಂಡೆ. ಯಾರನ್ನೂ ಕೇಳದೆ ಬದಲಾಯಿಸಿಬಿಟ್ಟೆ. ನಿಮ್ಮ ಕೈ ಸುಟ್ಟಿದ್ದು ನನ್ನಿಂದ.”

ಬೈಗುಳ ಬರುತ್ತದೆ ಎಂದುಕೊಂಡಿದ್ದಳು. ಬರಲಿ ಎಂದು ಕಾದಳು. ರುದ್ರವ್ವ ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದಳು. ಆ ಕಣ್ಣುಗಳಲ್ಲಿ ಒಂದು ಪೂರ್ತಿ ಮಂಜಾಗಿತ್ತು.

“ಅಂದ್ರ ನಾ ಎಂಟ ವರ್ಷ ತಗೊಂಡಿದ್ದು ಬರೋಬರಿ ಇತ್ತೇನು?”

“ಇತ್ತು ಅಜ್ಜಿ. ಬರೋಬರಿ ಇತ್ತು.”

“ಉಣ್ಣೂಮುಂದ ತಗೊಂಡಿದ್ದು?”

“ಅದೇ ಸರಿ.”

 ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೂ ಅಳು ನಿಲ್ಲಲಿಲ್ಲ. “ಗುರುವಾರ ನಮ್ಮ ಸೊಸಿ ನೀತಾ ಚೀಟಿ ಓದಿ ಹೇಳಿದ್ಲವ್ವ, ಅರ್ಧ ತಾಸು ಮೊದಲ ಅಂತ ಬರದದ ಅಂತ. ನಾ ಇಷ್ಟ ವರ್ಷ ಉಣ್ಣೂಮುಂದ ತಗೋತಿದ್ನೆಲ್ಲ ಅಂದೆ. ಆಕಿ ಹಣಿ ಬಡಕೊಂಡ್ಲು. ಡಾಕ್ಟರ್ ಹೇಳಿದ್ದೊಂದು, ನೀವು ಮಾಡಿದ್ದೊಂದು, ಅದಕ್ಕ ಕಣ್ಣ ಹೋಗ್ಯದ, ಇನ್ನ ಆ ಕಣ್ಣಿನ ದವಾಖಾನಿಗೆ ನಾವು ಎಷ್ಟ ಅಡ್ಯಾಡೂದು ಅಂದ್ಲು. ಖರೇ ಅನಿಸಿತು. ನನ್ನ ಕಣ್ಣ ನಾನ ಕಳಕೊಂಡೆ, ಓದಾಕ ಬರದ ದಡ್ಡಿ ನಾನು, ಅಂತ ಮೂರ ದಿನಾ ಆತು. ಕೈ ಸುಟ್ಟಿದ್ದು ಏನ್ ಮಹಾ? ಒಲಿ ಮುಂದ ಕುಂಡ್ರಾಕಿಗೆ ಸುಡತದ. ಇದು ಸುಡತಿತ್ತ ನೋಡು.” ಎಂದು ಎದೆಯ ಮೇಲೆ ಕೈ ಇಟ್ಟಳು.

ಇಂಪನಾ ಅಜ್ಜಿಯ ಮೈಗೆ ಏನಾಗಿರಬಹುದು ಎಂದು ಹೆದರಿ ಓಡಿ ಬಂದವಳು. ಹೀಗೂ ಆಗಿರಬಹುದು ಎಂದು ಅವಳ ಯಾವ ಟೆಸ್ಟಿಗೂ, ಯಾವ ಪುಸ್ತಕಕ್ಕೂ ಹೊಳೆದಿರಲಿಲ್ಲ. ಅವಳಿಗೂ ಅಳು ಬಂತು, ಮುಚ್ಚಿಕೊಳ್ಳಲಿಲ್ಲ.

“ನಿಮ್ಮ ತಪ್ಪಲ್ಲ ಅಜ್ಜಿ” ಎಂದಳು.

ರುದ್ರವ್ವ ಮೂಗು ಒರೆಸಿಕೊಂಡು, ಸೊಂಟದ ಚೀಲಕ್ಕೆ ಕೈ ಹಾಕಿ, ನಾಲ್ಕು ಮಡಿಕೆ ಮಾಡಿದ ಚೀಟಿಯನ್ನು ಹೊರತೆಗೆದಳು. ಇಂಪನಾ ಕೈ ಚಾಚಿದಳು. ಅಜ್ಜಿ ಕೊಡಲಿಲ್ಲ. ಶೆಡ್ಡಿನ ಒಳಗಡೆಗೆ, ರೊಟ್ಟಿ ಬಡಿಯುವ ಸದ್ದಿನ ಕಡೆಗೆ ತಲೆ ಆಡಿಸಿ ತೋರಿಸಿದಳು.

“ಆಕಿ ಒಳಗ ಅದಾಳ. ಆಕಿಗೆ ಕೇಳೂ ಹಂಗ ಇನ್ನೊಮ್ಮಿ ಹೇಳು.”

“ತಪ್ಪು ಅಜ್ಜಿದಲ್ಲ” ಎಂದಳು ಇಂಪನಾ. ಅಳುವಿನ ಗಂಟಲಲ್ಲಿ ಅದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಒಳಗೆ ರೊಟ್ಟಿ ಬಡಿಯುವುದು ನಡೆದೇ ಇತ್ತು.

“ಗಟ್ಟಿ ಹೇಳವ್ವಾ.”

ಇಂಪನಾ ಎದ್ದು ನಿಂತಳು. ಪುಣೆಗೆ ಬಂದ ಮೇಲೆ ಒಂದು ದಿನವೂ ಅವಳು ಅಷ್ಟು ದೊಡ್ಡ ದನಿ ತೆಗೆದಿರಲಿಲ್ಲ.

“ಅಜ್ಜಿ ಎಂಟು ವರ್ಷ ಸರಿಯಾಗೇ ತಗೊಂಡಿದಾರೆ! ತಪ್ಪು ನನ್ನದು!”

ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಹಿಟ್ಟಿನ ಕೈಯ ಹೆಂಗಸೊಬ್ಬಳು ಬಾಗಿಲಿಗೆ ಬಂದು ನಿಂತಳು. ರುದ್ರವ್ವ ಸೊಸೆಯ ಮುಖವನ್ನು ಒಂದು ಸಲ ಚೆನ್ನಾಗಿ ನೋಡಿಕೊಂಡು, ಚೀಟಿಯನ್ನು ಇಂಪನಾಳ ಕೈಗೆ ಕೊಟ್ಟಳು.